ಪರ್ತ್ ಪತ್ರ – 17: ಗೋಡೆ ಮೇಲಿನ ಕಂದು ಕಲೆ

ಹೋದ ವಾರ ಬರೆಯುತ್ತೇನೆ ಅಂದವಳು ಬರೆಯಲಿಲ್ಲ. ಸಾಲಾಗಿ ನಾಲ್ಕು ನೈಟ್ ಡ್ಯೂಟಿ ಬಿತ್ತು. ಹಗಲು ನಿದ್ದೆ ಮಾಡಿ ಎದ್ದರೆ ಇವತ್ತು ಯಾವ ವಾರ ಅಂತಲೇ ತಿಳಿಯುವುದಿಲ್ಲ.

ತಮ್ಮನ ಮದುವೆಗೆ ಬಂದವರಲ್ಲಿ ಕೆಲವರು ನನ್ನನ್ನೇ ಕೇಳಿದಿರಿ, ಕೆಲವರು ಅಮ್ಮನ ಹತ್ತಿರ ಕೇಳಿದಿರಿ, ಉಳಿದವರು ನಿಮ್ಮ ನಿಮ್ಮಲ್ಲೇ ಮಾತಾಡಿಕೊಂಡಿರಿ. "ಮದುವೆ ಮನೆಗೆ ಪೇಂಟ್ ಇಲ್ಲ, ಎದುರಿನ ಸನ್‌ಶೇಡ್‌ಗೆ ಬರೀ ಸಿಮೆಂಟು. ಅಕ್ಕ ಆಸ್ಟ್ರೇಲಿಯಾದಲ್ಲಿದ್ದೂ ಹೀಗಾ?" ಅಂತ. ಬೇಜಾರಿಲ್ಲ. ಚಪ್ಪರದ ಕೆಳಗೆ ನಿಂತು ಹೇಳಿ ಮುಗಿಸುವ ಕಥೆ ಅದಲ್ಲ, ಅದಕ್ಕೇ ನಕ್ಕು ಸುಮ್ಮನಾದೆ. ಈಗ ಕೂತು ಬರೆಯುತ್ತಿದ್ದೇನೆ. ಪೇಂಟಿನ ದುಡ್ಡು ನಾನು ಕಳಿಸಿದ್ದೆ. ಅದು ಎಲ್ಲಿಗೆ ಹೋಯಿತು ಅಂತ ಹೇಳಬೇಕಾದರೆ ಪರ್ತ್‌ನ ನಮ್ಮ ಮನೆಯ ಕಾಂಪೌಂಡಿನಿಂದ ಶುರು ಮಾಡಬೇಕು.

ಈ ಊರಲ್ಲಿ ತುಂಬ ಮನೆಗಳಿಗೆ ಹಿತ್ತಲಲ್ಲಿ ಸ್ವಂತ ಬೋರ್ ಇದೆ. ಕುಡಿಯಲಿಕ್ಕಲ್ಲ, ಗಿಡಕ್ಕೆ ಮತ್ತು ಹುಲ್ಲಿಗೆ. ಊರು ನಿಂತಿರುವುದೇ ಮರಳಿನ ಮೇಲೆ. ಆ ಮರಳಿನ ಅಡಿಯಲ್ಲಿ ನೀರಿದೆ, ಹಲವು ಕಡೆ ಆ ನೀರಿನಲ್ಲಿ ಕಬ್ಬಿಣ ಕರಗಿದೆ. ಮೇಲೆ ಬರುವಾಗ ತಿಳಿಯಾಗಿಯೇ ಇರುತ್ತದೆ. ಬಕೆಟಿನಲ್ಲಿ ಹಿಡಿದಿಟ್ಟು ಗಾಳಿಗೆ ಬಿಟ್ಟರೆ ಹಳದಿಗೆ ತಿರುಗಿ, ಕೊನೆಗೆ ತಳದಲ್ಲಿ ಕಂದು ಗಸಿ ನಿಲ್ಲುತ್ತದೆ. ಕರಗಿದ ಕಬ್ಬಿಣ ಗಾಳಿಯ ಆಮ್ಲಜನಕ ಸೇರಿ ತುಕ್ಕಾಗುವುದು ಹಾಗೆ. ಸ್ಪ್ರಿಂಕ್ಲರ್ ಅದೇ ನೀರನ್ನು ವರ್ಷಗಟ್ಟಲೆ ಗೋಡೆಗೆ ಎರಚಿದರೆ ಗೋಡೆ ಬೀಡ ಉಗಿದ ಹಳೇ ಬಸ್‌ಸ್ಟ್ಯಾಂಡಿನ ಗೋಡೆ ಆಗುತ್ತದೆ. ಇಲ್ಲಿ ಬೀದಿಗೆ ನಾಲ್ಕು ಮನೆ ಹಾಗಿವೆ.

ನಾವು ಕೊಂಡ ಮನೆಯೂ ಹಾಗೇ ಇತ್ತು. ಎದುರಿಗೆ ಪ್ಲಾಸ್ಟರ್ ಮಾಡಿ ಕೆನೆ ಬಣ್ಣ ಹೊಡೆದ ಗೋಡೆ, ರಸ್ತೆ ಬದಿಗೆ ಸುಣ್ಣದಕಲ್ಲಿನ ಕಾಂಪೌಂಡು. ಎರಡರ ಮೇಲೂ ಸೊಂಟದೆತ್ತರಕ್ಕೆ ಬೀಸಣಿಗೆ ಬಿಡಿಸಿದ ಹಾಗೆ ಕಂದು ಕಲೆ. ಅಕ್ಟೋಬರ್‌ನಲ್ಲಿ ಗೃಹಪ್ರವೇಶ ಇಟ್ಟುಕೊಂಡಿದ್ದೆವು. ಇಲ್ಲಿಯ ಕನ್ನಡದವರು ಮೂವತ್ತು ಜನ ಬರುವವರಿದ್ದರು. ಹಿಂದಿನ ದಿನ ಶನಿವಾರ. ಇವರು ಸಾಮಾನು ತರಲು ಹೋಗಿದ್ದರು. ಅಡುಗೆ ತಯಾರಿ ಅರ್ಧ ಮುಗಿಸಿ ನಾನು ಗೋಡೆಗೆ ಇಳಿದೆ.

ಕಲೆ ತೆಗೆಯುವುದರಲ್ಲಿ ನನಗೊಂದು ಹಳೇ ಧೈರ್ಯ. ನರ್ಸಿಂಗ್ ಓದುವಾಗ ರಜೆಗೆ ಊರಿಗೆ ಬಂದರೆ ಬಿಳಿ ಯೂನಿಫಾರ್ಮನ್ನು ಹಿತ್ತಲಿನ ಕಬ್ಬಿಣದ ತಂತಿ ಮೇಲೆ ಒಣಗಿಸುತ್ತಿದ್ದೆ. ತಂತಿ ತಾಗಿದಲ್ಲಿ ಅಡ್ಡಕ್ಕೆ ಒಂದು ತುಕ್ಕಿನ ಗೆರೆ ಬೀಳುತ್ತಿತ್ತು. ಅಮ್ಮ ಬಿಂಬುಳಿ ಹಿಚುಕಿ, ಉಪ್ಪು ಸೇರಿಸಿ ತಿಕ್ಕಿ, ಬಿಸಿಲಿಗೆ ಹಾಕಿ, ತೊಳೆದು ಕೊಟ್ಟರೆ ಗೆರೆ ಮಾಯ. ಮರುದಿನ ವಾರ್ಡಿನಲ್ಲಿ ಸಿಸ್ಟರ್ ಎದುರು ಎದೆ ಎತ್ತಿ ನಿಲ್ಲಬಹುದಿತ್ತು. ಕಲೆ ಅಂದರೆ ತಿಕ್ಕಿದರೆ ಹೋಗುವಂಥದ್ದು ಅನ್ನುವ ನಂಬಿಕೆ ಅವತ್ತೇ ತಲೆಯಲ್ಲಿ ಕೂತಿರಬೇಕು.

ಮೊದಲು ಬ್ಲೀಚ್ ಹೊಡೆದೆ. ಬಟ್ಟೆ ಬೆಳ್ಳಗಾಗುತ್ತದೆ, ಗೋಡೆ ಯಾಕಾಗಬಾರದು ಅಂತ. ಕಲೆ ಒಂದು ಚೂರೂ ಮಾಸಲಿಲ್ಲ. ಮಾಸುವುದೂ ಇಲ್ಲ, ಅದು ಆಮೇಲೆ ಗೊತ್ತಾಯಿತು. ಪಾಚಿಯ ಬಣ್ಣ ಬ್ಲೀಚಿಗೆ ಹೋಗುತ್ತದೆ. ತುಕ್ಕು ಆಗಲೇ ಆಮ್ಲಜನಕ ಹೀರಿ ಕೂತ ಕಬ್ಬಿಣ, ಬ್ಲೀಚ್ ಕೊಡುವುದೂ ಅದನ್ನೇ. ಕಲೆ ಇನ್ನೂ ಗಟ್ಟಿಯಾಗುವುದೇ ಹೆಚ್ಚು.

ಗ್ಯಾರೇಜಿನಲ್ಲಿ ಹಿಂದಿನ ಮನೆಯವರು ಬಿಟ್ಟುಹೋದ ಒಂದು ಕ್ಯಾನ್ ಇತ್ತು. ಈಜುಕೊಳದ ನೀರಿಗೆ ಹಾಕುವ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ನಮ್ಮ ಕಡೆ ಬಾತ್‌ರೂಮ್ ತೊಳೆಯಲು ಬಾಟಲಿಯಲ್ಲಿ ಸಿಗುತ್ತದಲ್ಲ, ಅದೇ ಜಾತಿ. ಗೋಡೆ ಮೇಲೆ ಬ್ಲೀಚ್ ಇನ್ನೂ ಹಸಿಯಾಗಿತ್ತು. ತೊಳೆಯದೆ ಅದರ ಮೇಲೇ ಆಸಿಡ್ ಹೊಡೆದೆ.

ಹದಿನಾಲ್ಕು ವರ್ಷ ನರ್ಸ್ ಆಗಿರುವವಳು. ಬ್ಲೀಚು, ಆಸಿಡ್ಡು ಸೇರಿಸಬೇಡಿ ಅಂತ ಪೇಷಂಟ್‌ಗಳಿಗೆ ನಾನೇ ಎಷ್ಟು ಸಲ ಹೇಳಿಲ್ಲ! ಅವತ್ತು ಆ ಮಾತು ನೆನಪಿಗೇ ಬರಲಿಲ್ಲ. ಮೂವತ್ತು ಜನ ಬಂದು ಗೋಡೆ ನೋಡುತ್ತಾರೆ ಅನ್ನುವುದೊಂದೇ ತಲೆಯಲ್ಲಿ.

ಚೊಯ್ ಅಂತ ಸದ್ದು ಬಂತು. ಸುಣ್ಣದಕಲ್ಲು ನೊರೆ ಕಾರಿತು. ಹಿಂದೆಯೇ ಈಜುಕೊಳದ ವಾಸನೆ, ಅದಕ್ಕಿಂತ ಹತ್ತು ಪಟ್ಟು ಜೋರಾಗಿ. ಕಣ್ಣು ಉರಿಯಿತು, ಗಂಟಲು ಯಾರೋ ಹಿಚುಕಿದ ಹಾಗೆ ಮುಚ್ಚಿತು. ಅದು ಕ್ಲೋರಿನ್. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ ಅದೇ. ಗಾಳಿಗಿಂತ ಭಾರ, ಹಾಗಾಗಿ ಮೇಲೆ ಹೋಗದೆ ನೆಲದ ಮಟ್ಟದಲ್ಲೇ ಹರಡುತ್ತದೆ. ನೆಲದ ಮಟ್ಟದಲ್ಲಿ ನನ್ನ ಐದು ವರ್ಷದ ಮಗಳಿದ್ದಳು. ಮೆಟ್ಟಿಲ ಹತ್ತಿರ ಕೂತು ಸೀಮೆಸುಣ್ಣದಲ್ಲಿ ರಂಗೋಲಿ ಹಾಕುತ್ತಿದ್ದಳು.

ಅವಳನ್ನು ಎತ್ತಿಕೊಂಡು ರಸ್ತೆ ಆಚೆಗೆ ಓಡಿದೆ. ಅವಳ ಕೆಮ್ಮು ನಿಲ್ಲಲಿಲ್ಲ. ಇಲ್ಲಿ ವಿಷದ ವಿಚಾರಕ್ಕೇ ಒಂದು ಫೋನ್ ನಂಬರ್ ಇದೆ, 13 11 26. ಹಗಲು ರಾತ್ರಿ ಎತ್ತುತ್ತಾರೆ. ಎಲ್ಲ ಕೇಳಿಕೊಂಡು, ಮಗುವಿನ ಉಸಿರಿನಲ್ಲಿ ಸೀಟಿ ಸದ್ದು ಇದ್ದರೆ ಆಸ್ಪತ್ರೆಗೆ ಹೋಗಿ ಅಂದರು. ಸದ್ದು ಇತ್ತು. ಪಕ್ಕದ ಮನೆ ಅಜ್ಜ ಕಾರು ತೆಗೆದರು.

ಹೋದದ್ದು ನಾನು ಕೆಲಸ ಮಾಡುವ ಆಸ್ಪತ್ರೆಗೇ. ಎಮರ್ಜೆನ್ಸಿ ಬಾಗಿಲಲ್ಲಿ ಇದ್ದದ್ದು ಗುರುತಿನ ಹುಡುಗಿ. "ಏನು ಏನು ಸೇರಿಸಿದ್ದಿ?" ಅಂತ ಕೇಳಿದಳು. ಹೇಳಿದೆ. ಅವಳು ಬರೆದುಕೊಂಡಳು, ಮತ್ತೇನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು. ಮಗಳಿಗೆ ಆಕ್ಸಿಜನ್ ಇಟ್ಟು, ಉಸಿರು ಸಲೀಸಾಗಲು ಔಷಧಿ ಕೊಟ್ಟು ಆರು ಗಂಟೆ ಅಲ್ಲೇ ನೋಡಿಕೊಂಡರು. ದೇವರ ದಯೆ, ಏನೂ ಆಗಲಿಲ್ಲ. ರಾತ್ರಿ ಮನೆಗೆ ಬಂದೆವು. ಗೃಹಪ್ರವೇಶ ಮುಂದೆ ಹೋಯಿತು. ಊರಿಗೆ ಫೋನ್ ಮಾಡಿ "ಇವರಿಗೆ ರಜೆ ಸಿಗಲಿಲ್ಲ" ಅಂದೆ. ಅಮ್ಮಾ, ಅದು ಸುಳ್ಳು. ಇವತ್ತು ಒಪ್ಪಿಕೊಂಡಿದ್ದೇನೆ.

ಪಕ್ಕದ ಮನೆ ಅಜ್ಜನ ವಿಷಯ ಹೇಳಬೇಕು. ಇಟಲಿಯಿಂದ ಚಿಕ್ಕಂದಿನಲ್ಲೇ ಬಂದವರು, ಇಡೀ ಜೀವಮಾನ ಕಾಂಕ್ರೀಟ್ ಕೆಲಸ ಮಾಡಿದವರು. ಮಗಳು ಅವರನ್ನು ಅವರ ಭಾಷೆಯಲ್ಲೇ 'ನೊನ್ನೊ' ಅನ್ನುತ್ತಾಳೆ, ಅಜ್ಜ ಅಂತ. ನಾವು ಆಸ್ಪತ್ರೆಯಲ್ಲಿದ್ದಾಗ ಗಾಳಿ ಪೂರ್ತಿ ತಿಳಿಯಾಗುವವರೆಗೆ ಕಾದು, ಅವರೇ ದೂರದಿಂದ ಪೈಪ್ ಹಿಡಿದು ಗೋಡೆ ತೊಳೆದಿದ್ದರು. ಮರುವಾರ ಬಂದು, "ಮೊದಲು ನೀರು ನಿಲ್ಲಿಸು, ಆಮೇಲೆ ಕಲೆ ತೆಗಿ" ಅಂದರು. ಗೋಡೆ ಪಕ್ಕದ ಸ್ಪ್ರಿಂಕ್ಲರ್ ಎರಡನ್ನೂ ಹುಲ್ಲಿನ ಕಡೆ ತಿರುಗಿಸಿದರು. ಗೋಡೆ ಬುಡದ ಗಿಡಗಳಿಗೆ ನಲ್ಲಿ ನೀರಿನ ಹನಿ ಪೈಪ್ ಹಾಕಿಸಿದರು. ಆಮೇಲೆ ಒಂದು ಡಬ್ಬಿ ಬಿಳಿ ಪುಡಿ ತಂದರು. ಆಕ್ಸಾಲಿಕ್ ಆಸಿಡ್.

ಹೆಸರು ಓದಿ ನನಗೆ ನಗು ಬಂತು. ಬಿಂಬುಳಿಯ ಹುಳಿಯಲ್ಲಿ ಇರುವುದು ಇದೇ. ಅದು ಕಬ್ಬಿಣವನ್ನು ತಬ್ಬಿ ಹಿಡಿದು ನೀರಿಗೆ ಎಳೆದುಕೊಂಡು ಬರುತ್ತದೆ. ರಕ್ತ ಪದೇ ಪದೇ ಏರಿಸಿಕೊಂಡು ಮೈಯಲ್ಲಿ ಕಬ್ಬಿಣ ಹೆಚ್ಚಾದವರಿಗೆ ನಾವು ವಾರ್ಡಿನಲ್ಲಿ ಕೊಡುವ ಔಷಧಿ ಮಾಡುವುದೂ ಇಂಥದ್ದೇ ಕೆಲಸ, ಪದಾರ್ಥ ಬೇರೆ. ಅಮ್ಮನಿಗೆ ಕೆಮಿಸ್ಟ್ರಿ ಗೊತ್ತಿರಲಿಲ್ಲ, ಯೂನಿಫಾರ್ಮ್ ಮಾತ್ರ ಬೆಳ್ಳಗಾಗುತ್ತಿತ್ತು. ಆದರೆ ಪುಡಿ ಬಿಂಬುಳಿಯಷ್ಟು ಸಾಧು ಅಲ್ಲ. ಹೊಟ್ಟೆಗೆ ಹೋದರೆ ಕಿಡ್ನಿ ಕೆಡಿಸುತ್ತದೆ, ಚರ್ಮ, ಕಣ್ಣು ಸುಡುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು, ಮಗಳನ್ನು ಇವರ ಜೊತೆ ಪಾರ್ಕಿಗೆ ಕಳಿಸಿ ಶುರು ಮಾಡಿದೆವು.

ಗೋಡೆಯನ್ನು ಮೊದಲು ಚೆನ್ನಾಗಿ ಒದ್ದೆ ಮಾಡಿದೆವು. ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಹಚ್ಚಿ ನೋಡಿದೆವು. ಆಮೇಲೆ ಕೆಳಗಿನಿಂದ ಮೇಲಕ್ಕೆ ಹಚ್ಚುತ್ತ ಹೋದೆವು. ಮೇಲಿಂದ ಹಚ್ಚಿದರೆ ಇಳಿದ ನೀರಿನ ಗೆರೆ ಉಳಿಯುತ್ತದಂತೆ. ಹತ್ತು ನಿಮಿಷ ಒಣಗಲು ಬಿಡದೆ ಕಾದು, ನೈಲಾನ್ ಬ್ರಷ್‌ನಲ್ಲಿ ತಿಕ್ಕಿ ಧಾರಾಳ ನೀರಿನಲ್ಲಿ ತೊಳೆದೆವು. ತಂತಿ ಬ್ರಷ್ ಮುಟ್ಟಲೇಬೇಡ ಅಂದರು, ಅದರ ಚೂರು ಗೋಡೆಯಲ್ಲಿ ಸಿಕ್ಕಿಕೊಂಡರೆ ಅದೇ ಹೊಸ ತುಕ್ಕು. ಕಣ್ಣೆದುರೇ ಕಂದು ಹಳದಿಯಾಯಿತು, ಹಳದಿ ಹರಿದು ಹೋಯಿತು. ಪ್ಲಾಸ್ಟರ್ ಗೋಡೆ ಎರಡು ಸಲಕ್ಕೆ ಸರಿಹೋಯಿತು. ಸುಣ್ಣದಕಲ್ಲಿಗೆ ಮಾತ್ರ ಅದನ್ನು ಹಾಕಲು ಬಿಡಲಿಲ್ಲ. ಆಸಿಡ್ ಯಾವುದಾದರೂ ಸುಣ್ಣದಕಲ್ಲನ್ನು ತಿನ್ನುತ್ತದೆ. ನಾನು ಹೊಡೆದ ಕಡೆ ಕಲ್ಲು ತಿಂದು ಒರಟಾಗಿ, ಬಿಳಿಚಿಕೊಂಡು ನಿಂತಿದೆ. ಮದ್ದಿಲ್ಲ. ಕಾರು ನಿಲ್ಲಿಸುವಾಗೆಲ್ಲ ಕಾಣುತ್ತದೆ.

ಅವತ್ತು ಕೆಲಸ ಮುಗಿಸಿ ಕಾಫಿ ಕುಡಿಯುವಾಗ ಅಜ್ಜ ಒಂದು ಮಾತು ಹೇಳಿದರು. ಹೊರಗಿಂದ ಬಂದ ಕಲೆ ಹರಡಿಕೊಂಡಿರುತ್ತದೆ, ನೀರು ಬಿದ್ದ ಆಕಾರದಲ್ಲೇ ಇರುತ್ತದೆ. ಅದನ್ನು ತೊಳೆಯಬಹುದು. ಕಾಂಕ್ರೀಟಿನ ಒಳಗಿಂದ ಬಂದ ಕಲೆ ಬಿರುಕಿನ ಗೆರೆ ಹಿಡಿದು ಬರುತ್ತದೆ. ಅದನ್ನು ಒರೆಸಬೇಡ, ಒಳಗೆ ಏನಾಗಿದೆ ನೋಡು ಅಂತ. ನಮಗೆ ಹೊಸದಾಗಿ ಕೆಲಸಕ್ಕೆ ಸೇರಿದಾಗ ಹೇಳಿಕೊಡುವುದೂ ಇದೇ. ಡ್ರೆಸಿಂಗ್ ದಾಟಿ ರಕ್ತ ಬಂದರೆ ಮೇಲೆ ಇನ್ನೊಂದು ಬ್ಯಾಂಡೇಜ್ ಸುತ್ತಿ ಬಿಟ್ಟು ಹೋಗಬೇಡಿ, ಎಲ್ಲಿಂದ ಬಂತು ನೋಡಿ. ಹೌದು ಹೌದು ಅಂದೆ. ಕಾಫಿ ಮುಗಿಯಿತು, ಮಾತು ಮರೆತೆ.

ಇನ್ನು ಊರಿಗೆ ಬರುತ್ತೇನೆ.

ನಾನು ಬೆಳಗಿನ ಡ್ಯೂಟಿ ಮುಗಿಸಿ ಬಂದರೆ ಇಲ್ಲಿ ನಾಲ್ಕೂವರೆ, ಊರಲ್ಲಿ ಎರಡು ಗಂಟೆ. ಅಮ್ಮ ಊಟ ಮುಗಿಸಿ ಪಾತ್ರೆ ತೊಳೆದಿಟ್ಟು ವಿಡಿಯೋ ಕಾಲಿಗೆ ಕೂರುತ್ತಾರೆ. ಮನೆ ಒಳಗೆ ಸಿಗ್ನಲ್ ಇಲ್ಲ. ಎದುರಿನ ಸನ್‌ಶೇಡ್ ಕೆಳಗಿನ ಬೆಂಚಿನ ಮೇಲೆ ಮಾತ್ರ ಸಿಗುತ್ತದೆ. ವರ್ಷಗಳಿಂದ ಅಮ್ಮನ ಮುಖ ನಾನು ಅದೇ ಬೆಂಚಿನಲ್ಲಿ ನೋಡಿದ್ದು. ಜನವರಿಯಲ್ಲಿ ಒಂದು ದಿನ ಫೋನನ್ನು ಓರೆ ಹಿಡಿದಿದ್ದರು. ಮುಖ ಅರ್ಧ, ಉಳಿದರ್ಧ ತಲೆ ಮೇಲಿನ ಸನ್‌ಶೇಡ್. ಅದರ ಅಡಿಯಲ್ಲಿ ಉದ್ದಕ್ಕೆ ಒಂದು ಕಂದು ಗೆರೆ. ಸ್ವಲ್ಪ ದೂರ ಬಿಟ್ಟು ಅದಕ್ಕೆ ಸಮನಾಗಿ ಇನ್ನೊಂದು. ಸ್ಕೇಲ್ ಇಟ್ಟು ಎಳೆದ ಹಾಗೆ.

"ಅಮ್ಮಾ, ಅದೆಂತ ಮೇಲೆ?"

"ಎಂತ ಇಲ್ಲೆ ಮಗಾ, ಮಳಿ ನೀರ್ ಕಲಿ ಅದ್. ಪೇಂಟ್ ಹೊಡ್ರೆ ಹೋತ್."

ಪೇಂಟಿನ ದುಡ್ಡು ನಾನು ಹಿಂದಿನ ವಾರವಷ್ಟೇ ಕಳಿಸಿದ್ದೆ. ಕಳಿಸುವಾಗ ತಮ್ಮನಿಗೆ, "ಎದುರಿನ ಕಲೆ ಎಲ್ಲ ಮುಚ್ಚಿಹೋಗುವ ಹಾಗೆ ಎರಡು ಕೋಟ್ ಹೊಡೆಸು" ಅಂತಲೂ ಹೇಳಿದ್ದೆ. ಮದುವೆ ಫೋಟೊದಲ್ಲಿ ಚಂದ ಕಾಣಬೇಕಲ್ಲ. ಅಂದರೆ ಎರಡನೇ ಸಲವೂ ನಾನು ಮೊದಲು ಮಾಡಿದ್ದು ಅದನ್ನೇ. ಕಲೆ ಎಲ್ಲಿಂದ ಬಂತು ಕೇಳಲಿಲ್ಲ, ಹೇಗೆ ಕಾಣದ ಹಾಗೆ ಮಾಡುವುದು ಅಂತಷ್ಟೇ ನೋಡಿದೆ.

"ಅಮ್ಮಾ, ಬೆಂಚಿನಿಂದ ಏಳಿ. ಅಂಗಳಕ್ಕೆ ಬನ್ನಿ" ಅಂದೆ. ಸಿಗ್ನಲ್ ಹೋಗುತ್ತದೆ ಅಂದರು. ಹೋಗಲಿ, ಏಳಿ ಅಂದೆ. ಹೋಯಿತು ಕೂಡ.

ತಮ್ಮ ಸಂಜೆ ಬಂದು ಉದ್ದದ ಗಳು ತೆಗೆದುಕೊಂಡು, ದೂರ ನಿಂತು, ಸನ್‌ಶೇಡಿನ ಅಡಿಗೆ ಮೆಲ್ಲಗೆ ಕುಟ್ಟಿದ. ಗೋಡೆ ಹತ್ತಿರ ಗಟ್ಟಿ ಸದ್ದು. ಗೆರೆ ಇದ್ದಲ್ಲಿ ಖಾಲಿ ಡಬ್ಬ ಬಡಿದ ಹಾಗೆ. "ಅಕ್ಕಾ, ಟೊಳ್ಳ್ ಸದ್ದ್ ಬತ್ತಾ ಇತ್ತ್" ಅಂದ. ಅವನ ದನಿ ಬದಲಾಗಿತ್ತು. ಅಮ್ಮ ಹಿಂದಿನಿಂದ, "ಅಪ್ಪಯ್ಯ ಕಟ್ಸಿದ್ ಮನಿ, ಸುಮ್ನೆ ಕುಟ್ಬೇಡ" ಅನ್ನುತ್ತಿದ್ದರು.

ಅಮ್ಮನ ಕಷ್ಟ ನನಗೆ ಅರ್ಥವಾಗುತ್ತದೆ. ಬೊಂಬಾಯಿ ಹೋಟೆಲಿನಲ್ಲಿ ಇಪ್ಪತ್ತು ವರ್ಷ ನಿಂತು ದುಡಿದ ದುಡ್ಡಿನಲ್ಲಿ ಅಪ್ಪಯ್ಯ 1994ರಲ್ಲಿ ಆ ತಾರಸಿ ಮನೆ ಕಟ್ಟಿಸಿದ್ದು. ಹಂಚಿನ ಮನೆ ಬಿಚ್ಚಿ ನಮ್ಮ ಕೇರಿಯಲ್ಲಿ ಮೊದಲು ತಾರಸಿ ಹಾಕಿದವರು ಅವರು. ಆ ಮನೆಯಲ್ಲಿ ಐಬು ಹುಡುಕುವುದು ಅವರಲ್ಲಿ ಐಬು ಹುಡುಕಿದಂತೆ ಅಮ್ಮನಿಗೆ. ಅವರು ಹೋಗಿ ಆರು ವರ್ಷ ಆಯಿತು, ಎದುರು ಉತ್ತರ ಕೊಡಲು ಅವರಿಲ್ಲ.

ಎರಡು ದಿನ ಬಿಟ್ಟು ಮೇಸ್ತ್ರಿ ಬಂದರು. ಬಡಿಯುತ್ತಿದ್ದ ಹಾಗೆ ಅಡಿಯ ಪದರ ಹಲ್ಲೆ ಹಲ್ಲೆಯಾಗಿ ಕಳಚಿ ಬಿತ್ತು. ಒಂದು ತುಂಡು ಎರಡು ಕೈಯಲ್ಲಿ ಎತ್ತುವಷ್ಟು ದೊಡ್ಡದು, ಸೀದಾ ಬೆಂಚು ಇದ್ದ ಜಾಗಕ್ಕೇ ಬಿತ್ತು. ಬೆಂಚನ್ನು ತಮ್ಮ ಹಿಂದಿನ ದಿನವೇ ಸರಿಸಿದ್ದ. ಒಳಗಿನ ಕಬ್ಬಿಣದ ಸರಳು ಪದರ ಪದರವಾಗಿ ಎದ್ದು ನಿಂತಿತ್ತು, ಕೈಯಲ್ಲಿ ಉಜ್ಜಿದರೆ ಉದುರುತ್ತಿತ್ತು. ತಮ್ಮ ಅದರ ಫೋಟೊ ಕಳಿಸಿದಾಗ ನಾನು ಡ್ಯೂಟಿಯಲ್ಲಿದ್ದೆ. ಔಷಧಿ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ನೊನ್ನೊಗೆ ಫೋಟೊ ತೋರಿಸಿದೆ. ಅವರು ಬಿಡಿಸಿ ಹೇಳಿದರು. ಹೊಸ ಕಾಂಕ್ರೀಟಿನ ಗುಣ ಸುಣ್ಣದ್ದು, ಖಾರ. ಆ ಖಾರ ಇರುವವರೆಗೆ ಒಳಗಿನ ಸರಳು ತುಕ್ಕು ಹಿಡಿಯುವುದಿಲ್ಲ. ಕಾಲ ಹೋದ ಹಾಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳ ಸೇರಿ ಆ ಖಾರ ಇಳಿಯುತ್ತದೆ. ಸಮುದ್ರದ ಹತ್ತಿರವಾದರೆ ಉಪ್ಪು ಇನ್ನೂ ಬೇಗ ಕೆಡಿಸುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಆ ಜಾಗಕ್ಕಾಗಿ ಅದು ಕಾಂಕ್ರೀಟನ್ನು ಒಳಗಿಂದಲೇ ಒಡೆಯುತ್ತದೆ. ಹೊರಗೆ ಕಾಣುವ ಕಂದು ಗೆರೆ ಒಡೆಯುವುದಕ್ಕೆ ಮುಂಚಿನ ಸೂಚನೆ. ಊರಿನ ಮೇಸ್ತ್ರಿ, ಅಳಿವೆ ಹತ್ತಿರದ ಉಪ್ಪು ಮರಳು ಹಾಕಿರಬೇಕು, ಸರಳಿನ ಅಡಿಗೆ ಸಿಮೆಂಟೂ ಕಮ್ಮಿ ಇತ್ತು ಅಂದರಂತೆ. ಅಮ್ಮನಿಗೆ ನಾನು ಸಮುದ್ರದ ಗಾಳಿಯ ವಿಷಯ ಮಾತ್ರ ಹೇಳಿದೆ. ಅದೂ ಸುಳ್ಳಲ್ಲ.

ಪೇಂಟಿನ ದುಡ್ಡು ಹೋದದ್ದು ಅಲ್ಲಿಗೆ. ಸಡಿಲ ಇದ್ದದ್ದನ್ನೆಲ್ಲ ಒಡೆದು ತೆಗೆದು, ಸರಳಿನ ಸುತ್ತಲೂ ಬಿಡಿಸಿ, ತುಕ್ಕು ಉಜ್ಜಿ, ತೀರ ತೆಳುವಾದಲ್ಲಿ ಹೊಸ ಸರಳು ಕಟ್ಟಿ, ತುಕ್ಕು ತಡೆಯುವ ಬಣ್ಣ ಹಚ್ಚಿ, ಮೇಲೆ ಗಟ್ಟಿ ಗಾರೆ ಹಾಕಿದರು. ಹಿಂದಿನ ಸನ್‌ಶೇಡೂ ಹಾಗೇ ಇತ್ತು, ಅದನ್ನೂ ಮಾಡಿಸಿದೆವು. ಪೇಂಟಿಗೆ ಉಳಿಯಲಿಲ್ಲ. ಮದುವೆ ದಿನ ನಿಮ್ಮಲ್ಲಿ ಎಷ್ಟೋ ಜನ ಅದೇ ಸನ್‌ಶೇಡ್ ಕೆಳಗೆ ನೆರಳಿಗೆ ನಿಂತು ಬೆಲ್ಲ ನೀರು ಕುಡಿದಿರಿ. ಮಕ್ಕಳು ಅಲ್ಲೇ ಆಡಿದವು. ನಾನು ಸಿಮೆಂಟಿನ ತೇಪೆ ನೋಡುತ್ತಿದ್ದೆ, ನನ್ನ ಕಣ್ಣಿಗೆ ಅದು ಚಂದವೇ ಕಂಡಿತು.

ಇನ್ನು ಮಳೆಗಾಲಕ್ಕೆ ಹೆಚ್ಚು ದಿನ ಇಲ್ಲ. ಇವತ್ತು ಸಂಜೆ ಬೆಳಕಿರುವಾಗ ನಿಮ್ಮ ಮನೆ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಗೋಡೆ ಬುಡದಲ್ಲಿ ಮಳೆ ಹನಿ ಸಿಡಿದು ಅಂಟಿದ ಕೆಂಪು ಮಣ್ಣಾದರೆ ನೀರು, ಬ್ರಷ್ ಸಾಕು. ಕಿಟಕಿ ಗ್ರಿಲ್ ಕೆಳಗೆ ಇಳಿದ ಗೆರೆಯಾದರೆ ಮೊದಲು ಗ್ರಿಲ್‌ನ ತುಕ್ಕು ಉಜ್ಜಿ ಬಣ್ಣ ಹೊಡೆಸಿ, ಆಮೇಲೆ ಗೋಡೆ ತೊಳೆಯಿರಿ. ಸನ್‌ಶೇಡ್, ಬಾಲ್ಕನಿ, ತಾರಸಿ, ನೀರಿನ ಟ್ಯಾಂಕಿನ ಅಡಿಯಲ್ಲಿ ಉದ್ದುದ್ದ ಕಂದು ಗೆರೆ, ಬಿರುಕು, ಉಬ್ಬು ಕಂಡರೆ ಅದರ ಕೆಳಗೆ ಯಾರನ್ನೂ ಕೂರಿಸಬೇಡಿ. ನೀವೇ ಕುಟ್ಟಲೂ ಹೋಗಬೇಡಿ, ತಿಳಿದ ಇಂಜಿನಿಯರನ್ನೋ ಮೇಸ್ತ್ರಿಯನ್ನೋ ಕರೆಸಿ. ಪೇಂಟ್ ಆಮೇಲೆ.

ಮತ್ತೆ ಬಾತ್‌ರೂಮಿನ ಆಸಿಡ್ ಬಾಟಲಿ, ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಎರಡನ್ನೂ ಒಂದೇ ಮೂಲೆಯಲ್ಲಿ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ. ಇವತ್ತೇ ಬೇರೆ ಬೇರೆ ಇಡಿ. ಒಂದು ಹಾಕಿದ ಜಾಗಕ್ಕೆ ಇನ್ನೊಂದು ಹಾಕಬೇಡಿ. ಇದನ್ನು ನರ್ಸ್ ಆಗಿ ಹೇಳುತ್ತಿಲ್ಲ, ಮಗಳನ್ನು ಎತ್ತಿಕೊಂಡು ರಸ್ತೆ ದಾಟಿದವಳಾಗಿ ಹೇಳುತ್ತಿದ್ದೇನೆ.

ಇಲ್ಲಿ ಜೂನ್ 1ರಿಂದ ಆಗಸ್ಟ್ 31ರವರೆಗೆ ಸ್ಪ್ರಿಂಕ್ಲರ್ ಹಾಕುವ ಹಾಗಿಲ್ಲ, ಚಳಿಗಾಲದ ಮಳೆಗೇ ಹುಲ್ಲು ಬದುಕಬೇಕು. ನಿಮಗೆ ಮಳೆ ಹಿಡಿಯುವಾಗ ನಮ್ಮ ಬೋರೂ ನಿಲ್ಲುತ್ತದೆ. ಅಮ್ಮ ಈಗ ಫೋನ್ ಹಿಡಿದು ಹಲಸಿನ ಮರದ ಬುಡಕ್ಕೆ ಬರುತ್ತಾರೆ. ಅಲ್ಲೂ ಎರಡು ಕಡ್ಡಿ ಸಿಗ್ನಲ್ ಇದೆಯಂತೆ, ಇಷ್ಟು ವರ್ಷ ಯಾರೂ ಹೋಗಿ ನೋಡಿರಲಿಲ್ಲ. ಹಲಸು ಹಣ್ಣಾಗುವ ಕಾಲ, ಅಲ್ಲೂ ಕೂರಬೇಡಿ ಅಂದರೆ ಕೇಳಬೇಕಲ್ಲ.

ಮುಂದಿನ ವಾರ ನೈಟ್ ಡ್ಯೂಟಿ ಇಲ್ಲ. ಖಂಡಿತ ಬರೆಯುತ್ತೇನೆ.